ತಪ್ಪು ಉತ್ತರಗಳ ಮೇಡಂ

ಹೋದ ತಿಂಗಳು ಅವರು ನಿವೃತ್ತರಾದರು. ಚಿಕ್ಕಬಳ್ಳಾಪುರದಲ್ಲಿ ಬೀಳ್ಕೊಡುಗೆ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ, ಅವರ ಜೊತೆ ಹನ್ನೊಂದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು ಎಂದು ನನ್ನನ್ನು ಮಾತಿಗೆ ಕರೆದರು. ನಾನು ಎದ್ದು ನಿಂತು, ಸರಳ ಸ್ವಭಾವ, ಮಕ್ಕಳ ಮೇಲೆ ಪ್ರೀತಿ, ಇಲಾಖೆಗೆ ತುಂಬಲಾರದ ನಷ್ಟ ಎಂದು ನಾಲ್ಕು ಮಾತು ಹೇಳಿ ಕೂತುಬಿಟ್ಟೆ. ಆ ನಾಲ್ಕು ಮಾತನ್ನು ಯಾರ ಬೀಳ್ಕೊಡುಗೆಯಲ್ಲಿ ಬೇಕಾದರೂ ಹೇಳಬಹುದು. ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಆ ಹೆಂಗಸನ್ನು ಕಂಡರೆ ಇಪ್ಪತ್ತು ವರ್ಷ ನನಗೆ ಹೊಟ್ಟೆಕಿಚ್ಚು. ಮೈಕಿನ ಮುಂದೆ ಅದನ್ನು ಹೇಳುವ ಧೈರ್ಯವಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳು, ಹಳೆಯ ವಿದ್ಯಾರ್ಥಿಗಳು ಎಲ್ಲ ಫೋನ್ ಮಾಡಿ, 'ಅವರು ನಮಗೂ ಹೀಗೇ ಮಾಡಿದ್ರು' ಎಂದು ಶುರುಮಾಡುತ್ತಾರೆ. ಅಷ್ಟು ಜನರ ಜೊತೆ ಅವರನ್ನು ಹಂಚಿಕೊಳ್ಳಲು ಈಗಲೂ ನನಗೆ ಮನಸ್ಸಿಲ್ಲ.

ನಾವಿಬ್ಬರೂ ಒಂದೇ ವಾರದಲ್ಲಿ, ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ವರ್ಗವಾಗಿ ಬಂದೆವು. ನಾನು ವಿಜ್ಞಾನಕ್ಕೆ, ಅವರು ಗಣಿತಕ್ಕೆ. ನಾನು ಮಂಡಿಕಲ್ ಕಡೆಯವಳು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು. ನಾನು ಎಂಎಸ್ಸಿಯಲ್ಲಿ ಚಿನ್ನದ ಪದಕ ತಗೊಂಡ ಫೋಟೋವನ್ನು ನಮ್ಮಪ್ಪ ಬುದ್ಧನ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಅವರದು ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆತನ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಸೆಕೆಂಡ್ ಕ್ಲಾಸಿನ ಬಿಎಸ್ಸಿ. ಬಸ್ಸಿಳಿದು ಬಂದು ಬುರ್ಖಾ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು. ಅವರು ಮಾಡುತ್ತಿದ್ದ ಅಚ್ಚುಕಟ್ಟಾದ ಕೆಲಸ ಅದೊಂದೇ. ಬೋರ್ಡಿನ ಮೇಲೆ ಬರೆದರೆ ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗಿಳಿದು ಮೂಲೆ ಸೇರುತ್ತಿತ್ತು. ಅವರ ತರಗತಿ ಯಾವಾಗಲೂ ಸಂತೆ. ರಿಜಿಸ್ಟರುಗಳನ್ನು ಕಂಡರೆ ಆಗದು. ಯಾರ ಡಬ್ಬಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇದೆ ಎಂದು ವಾಸನೆಯಲ್ಲೇ ಪತ್ತೆಮಾಡಿ, ಕೇಳದೆ ಕೈ ಹಾಕುತ್ತಿದ್ದರು. ಹತ್ತನೇ ತರಗತಿಯ ಫಲಿತಾಂಶ ಬಂದಾಗ ಪ್ರತಿ ವರ್ಷವೂ ನನ್ನ ವಿಷಯ ಮೇಲೆ, ಅವರದು ಕೆಳಗೆ. ಇಷ್ಟೆಲ್ಲ ಇರುವಾಗ ಹೊಟ್ಟೆಕಿಚ್ಚು ಪಡಬೇಕಾದವರು ಅವರು.

ಆದರೆ ಅವರಿಗೆ ಒಂದು ಕಣ್ಣಿತ್ತು. ಮಧ್ಯಾಹ್ನ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಕೂತು ಊಟ ಮಾಡುತ್ತಿದ್ದರೆ, ಅವರು ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಮಕ್ಕಳು ಸಾಲಾಗಿ ಕೂತು ಉಣ್ಣುವ ಜಗಲಿಯ ಉದ್ದಕ್ಕೂ ಓಡಾಡುತ್ತಾ ತಿನ್ನುತ್ತಿದ್ದರು. ಏನು ನೋಡುತ್ತಿದ್ದರೋ. ಸಾರಿನ ಸೌಟು ತನ್ನ ಹತ್ತಿರ ಬರುವ ಹೊತ್ತಿಗೆ ಪಾತ್ರೆ ಖಾಲಿಯಾಗುತ್ತದೆಂದು ಲೆಕ್ಕ ಹಾಕಿ ಅದು ಇನ್ನೂ ಎಂಟು ಜನರ ಆಚೆ ಇರುವಾಗಲೇ ಎದ್ದು ಜಾಗ ಬದಲಾಯಿಸಿದ ಹುಡುಗಿಯೊಬ್ಬಳನ್ನು ಅವರು ಹಾಗೇ ಹಿಡಿದರು. ಆ ಹುಡುಗಿ ಗಣಿತದಲ್ಲಿ ಪಾಸಾಗುತ್ತಿರಲಿಲ್ಲ. ಮೂರು ವರ್ಷದ ಮೇಲೆ ಅದೇ ಗಣಿತದಲ್ಲಿ ತಾಲ್ಲೂಕಿಗೇ ಮೊದಲು ಬಂದಳು.

ಪರೀಕ್ಷೆಯ ಉತ್ತರ ಪತ್ರಿಕೆಗಳನ್ನೂ ಅವರು ನಮ್ಮ ಹಾಗೆ ನೋಡುತ್ತಿರಲಿಲ್ಲ. ಸರಿ ಉತ್ತರಕ್ಕೆ ಟಿಕ್ ಹಾಕಿ ಮುಂದೆ ಹೋಗಿಬಿಡುವರು. ತಪ್ಪು ಉತ್ತರ ಬಂದರೆ ಪೆನ್ನು ಕೆಳಗಿಟ್ಟು ಓದುವರು. ಯಾಕೆಂದು ಒಮ್ಮೆ ಕೇಳಿದೆ.

"ಸರಿ ಬರ್ದಿರೋದ್ರಲ್ಲಿ ನಾವಿರ್ತೀವಿ ಮೇಡಂ. ತಪ್ಪು ಬರ್ದಿರೋದ್ರಲ್ಲಿ ಅವ್ರಿರ್ತಾರೆ" ಎಂದರು.

ಇಂಥ ಮಾತು ನನ್ನ ಬಾಯಲ್ಲಿ ಯಾಕೆ ಬರುವುದಿಲ್ಲ ಎಂದು ಅವತ್ತಿಡೀ ಸಂಕಟಪಟ್ಟೆ. ಅವರಪ್ಪ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರಾಶಿಗೆ ಕೈಯಿಟ್ಟರೆ ಸಾಕು, ಎಷ್ಟು ನೂಲು ಬರುತ್ತದೆಂದು ಹೇಳುತ್ತಿದ್ದರಂತೆ, ಊರಿನಲ್ಲಿ ಹೆಸರುವಾಸಿ. ಅದನ್ನು ನೆನೆಸಿಕೊಂಡು ಸ್ವಲ್ಪ ಕೊಂಕಾಗಿಯೇ, "ನಿಮಗೇನ್ ಬಿಡಿ, ಗೂಡು ನೋಡೋರ ಮನೇಲಿ ಹುಟ್ಟಿದೋರು" ಎಂದೆ.

ಅವರಿಗೆ ಕೋಪ ಬಂತು. ನಾನು ಕಂಡ ಹಾಗೆ ಮೊದಲ ಸಲ. "ಗೂಡೊಳಗಿರೋ ಹುಳಾನ ಬೇಯಿಸ್ತಾರೆ ಮೇಡಂ. ಮಕ್ಕಳ್ನ ಅದಕ್ಕೆ ಹೋಲಿಸ್ಬೇಡಿ" ಎಂದರು.

ಅವರ ಅಂದಾಜು ತಪ್ಪಿದ್ದೂ ಉಂಟು. ಒಂದು ವರ್ಷ, ಒಬ್ಬ ಹುಡುಗ ಅಸಾಮಾನ್ಯ ಬುದ್ಧಿವಂತ ಎಂದು ಎಲ್ಲರ ಮುಂದೆ ಪಣ ತೊಟ್ಟವರ ಹಾಗೆ ಹೇಳಿಕೊಂಡು ಓಡಾಡಿದರು. ಕೊನೆಗೆ ನೋಡಿದರೆ ಅವನು ಅಣ್ಣನ ಗೈಡುಗಳನ್ನು ಉರುಹೊಡೆದು ಬರುತ್ತಿದ್ದ. ಅವರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಅವರಿಗೆ ಸಮಾಧಾನ ಹೇಳಿ, ಸಂಜೆ ಮನೆಗೆ ಹೋಗಿ ಶ್ಯಾವಿಗೆ ಪಾಯಸ ಮಾಡಿದೆ. ಏನು ವಿಶೇಷ ಎಂದು ಮನೆಯವರು ಕೇಳಿದರು. ಸುಮ್ಮನೆ, ತಿನ್ನಬೇಕು ಅನ್ನಿಸಿತು ಎಂದೆ.

ಇನ್ನು ಮುನಿಲಕ್ಷ್ಮಿಯ ಮಾತಿಗೆ ಬರುತ್ತೇನೆ. ಇದನ್ನು ಬರೆಯದೆ ತಪ್ಪಿಸಿಕೊಳ್ಳುವುದಾದರೆ ಉಳಿದದ್ದೆಲ್ಲ ಬರೆದೂ ಪ್ರಯೋಜನವಿಲ್ಲ.

ಮುನಿಲಕ್ಷ್ಮಿ ಎಂಟನೇ ತರಗತಿಯಲ್ಲಿದ್ದಳು. ಅಂಬಾಜಿದುರ್ಗ ಬೆಟ್ಟದ ಕೆಳಗಿನ ಒಂದು ಹಳ್ಳಿಯವಳು, ಮನೆಯಲ್ಲಿ ತೆಲುಗು. ಅಪ್ಪ ಕಲ್ಲು ಕೆಲಸಕ್ಕೆ ಹೋಗುತ್ತಿದ್ದ. ಹುಡುಗಿ ಯಾವಾಗಲೂ ಕಿಟಕಿಯ ಪಕ್ಕ, ಅರ್ಧ ನಿದ್ದೆಯಲ್ಲಿರುವ ಹಾಗೆ. ಕಿರುಪರೀಕ್ಷೆಯಲ್ಲಿ ನಾನೊಂದು ಸುಲಭದ ಪ್ರಶ್ನೆ ಕೊಟ್ಟಿದ್ದೆ: ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ಎಲ್ಲರೂ ನೂರು ಎಂದು ಬರೆದಿದ್ದರು. ಮುನಿಲಕ್ಷ್ಮಿ ಬರೆದದ್ದು ಎರಡೇ ಪದ: 'ಯಾವ ಊರಲ್ಲಿ?'

ನಾನು ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಧಿಕಪ್ರಸಂಗ' ಎಂದು ಬರೆದೆ.

ಆ ಕಟ್ಟು ನನ್ನ ಮೇಜಿನ ಮೇಲಿತ್ತು. ನನ್ನ ಡಬ್ಬಿಯ ಉಪ್ಪಿನಕಾಯಿಗೆ ಬಂದ ಅವರು ಮೇಲಿನ ಹಾಳೆ ನೋಡಿದ್ದಾರೆ. ಡಬ್ಬಿ ಬಿಟ್ಟು ಹಾಳೆ ಎತ್ತಿಕೊಂಡರು.

"ಮೇಡಂ, ಈ ಮಗು ಯಾಕ್ ಹಿಂಗ್ ಬರ್ದಿದಾಳೆ?"

"ತಲೆಹರಟೆ. ಇನ್ನೇನು."

"ಕೇಳಿದ್ರಾ ಅವ್ಳನ್ನ?"

"ಅರವತ್ತು ಜನರನ್ನ ಒಬ್ಬೊಬ್ಬರನ್ನೇ ಕರ್ದು ಕೇಳ್ತಾ ಕೂತ್ಕೊಳಕ್ಕಾಗುತ್ತಾ?"

ಅವರು ಹೊರಗೆ ಹೋಗಿ ಹುಡುಗಿಯನ್ನು ಕರೆದುಕೊಂಡು ಬಂದರು. ಮುನಿಲಕ್ಷ್ಮಿ ಬಾಗಿಲ ಹತ್ತಿರವೇ ನಿಂತು ನನ್ನನ್ನೇ ನೋಡುತ್ತಿದ್ದಳು. ಹೆದರಿದ್ದಳು. ಅವರು ತೆಲುಗಿನಲ್ಲಿ ಮೆಲ್ಲಗೆ ಕೇಳಿದ ಮೇಲೆ ಬಾಯಿಬಿಟ್ಟಳು. ಬೆಟ್ಟದ ಮೇಲೆ ದೇವರಿಗೆಂದು ಹೋದಾಗ ಅವ್ವ ಅಲ್ಲೇ ಅಡುಗೆ ಮಾಡುತ್ತಾಳಂತೆ. ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದೇ ಇಲ್ಲವಂತೆ. ಮನೆಯಲ್ಲಿ ಅದೇ ಬೇಳೆ, ಅದೇ ಪಾತ್ರೆ, ಅಷ್ಟು ಹೊತ್ತು ಬೇಕಾಗುವುದಿಲ್ಲ. ಹಾಗಾದರೆ ಬೆಟ್ಟದ ಮೇಲೆ ಕುದಿಯುವ ನೀರು ಕಡಿಮೆ ಬಿಸಿ ಇರಬೇಕಲ್ಲವಾ ಮಿಸ್, ಎಂದಳು.

ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಉಷ್ಣತೆಗೇ ಕುದಿಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಪರೀಕ್ಷೆಯಲ್ಲಿ ಬರೆದು ಪದಕ ತೆಗೆದುಕೊಂಡವಳು ನಾನು. ಅದನ್ನು ಯಾರೂ ಹೇಳಿಕೊಡದೆ, ಬೇಯದ ಬೇಳೆ ನೋಡಿಯೇ ಈ ಹದಿಮೂರು ವರ್ಷದ ಹುಡುಗಿ ಹಿಡಿದಿದ್ದಳು. ಅವಳಿಗೆ ನಾನು ಸೊನ್ನೆ ಹಾಕಿದ್ದೆ. ಅದು ಗಣಿತವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನನ್ನ ವಿಷಯದಲ್ಲಿ, ನನ್ನ ತರಗತಿಯಲ್ಲಿ, ನನ್ನ ಮೇಜಿನ ಮೇಲಿದ್ದ ಮಗುವನ್ನು ಅವರು ಕಂಡರು, ನಾನು ಕಾಣಲಿಲ್ಲ.

ಮರುದಿನ ಅವರು ಬಂದು, "ಭಾನುವಾರ ಬೆಟ್ಟ ಹತ್ತಣ ಮೇಡಂ, ಸ್ಟವ್ ತಗೊಂಡು. ಥರ್ಮಾಮೀಟ್ರು ನಿಮ್ ಬೀರುನಲ್ಲಿದೆ, ನೀವೇ ಬಂದ್ರೆ ಚೆನ್ನಾಗಿರುತ್ತೆ" ಎಂದರು.

ಮನೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಥರ್ಮಾಮೀಟರು ಕೊಟ್ಟೆ. ಸೋಮವಾರ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಡುತ್ತಾ, ನಮ್ಮ ಶಾಲೆಯ ಅಂಗಳದಲ್ಲಿ ತೊಂಬತ್ತೇಳು, ಬೆಟ್ಟದ ಮೇಲೆ ತೊಂಬತ್ತಾರಕ್ಕೂ ಸ್ವಲ್ಪ ಕೆಳಗೆ ಎಂದರು. "ನಮ್ಮೂರಲ್ಲೇ ನೂರು ಬರಲ್ಲ ಮೇಡಂ" ಎಂದು ನಕ್ಕರು. ಅವರು ನಕ್ಕದ್ದು ಖುಷಿಗೆ. ನನಗೆ ಮಾತ್ರ ಇಷ್ಟು ವರ್ಷ ನಾನು ಹೇಳಿಕೊಟ್ಟದ್ದಕ್ಕೆಲ್ಲ ನಕ್ಕ ಹಾಗೆ ಕೇಳಿಸಿತು.

ಆ ವರ್ಷವೇ ಪ್ರತಿಭಾವಂತ ಮಕ್ಕಳ ಆಯ್ಕೆಗೆ ಸುತ್ತೋಲೆ ಬಂತು. ಪ್ರತಿ ಶಾಲೆಯಿಂದ ಎರಡು ಹೆಸರು. ಆಯ್ಕೆಯಾದ ಮಕ್ಕಳಿಗೆ ಪಿಯುಸಿಯವರೆಗೆ ವಸತಿ ಶಾಲೆ, ಊಟ, ಪುಸ್ತಕ ಎಲ್ಲ. ಹೆಡ್ಮಾಸ್ಟರು ಕಾಯಿಲೆ ರಜೆಯಲ್ಲಿದ್ದರು. ಸೇವೆಯಲ್ಲಿ ಹಿರಿಯರಾದ ಅವರು ರಿಜಿಸ್ಟರುಗಳ ಕಾಟ ಬೇಡವೆಂದದ್ದರಿಂದ ಪ್ರಭಾರ ನನಗೆ. ಅವರು ಒಂದೇ ಹೆಸರು ಕೊಟ್ಟರು. ಯಾವುದೆಂದು ಹೇಳಬೇಕಾಗಿಲ್ಲ. ಹಾಳೆಯ ಹಿಂದುಮುಂದು ಬರೆದು, ಬೆಟ್ಟದ ಕಥೆಯನ್ನೆಲ್ಲ ಸೇರಿಸಿದ್ದರು.

ನಾನು ಅಂಕಪಟ್ಟಿ ತೆಗೆದು, ಅತಿ ಹೆಚ್ಚು ಅಂಕವಿದ್ದ ಇಬ್ಬರ ಹೆಸರು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸಿದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ನಾನು ಹಾಗೆ ಮಾಡಿದ್ದು ನಿಯಮಕ್ಕಾಗಿ ಅಲ್ಲ ಎನ್ನುವುದು ನನಗೊಬ್ಬಳಿಗೆ ಗೊತ್ತಿತ್ತು. ಆ ಹುಡುಗಿ ಆಯ್ಕೆಯಾದರೆ, 'ಇವಳನ್ನ ಕಂಡುಹಿಡಿದಿದ್ದು ಗಣಿತದ ಮೇಡಂ, ವಿಜ್ಞಾನದ ಮೇಡಂ ಸೊನ್ನೆ ಹಾಕಿದ್ರು' ಎಂದು ಜಿಲ್ಲೆಯೆಲ್ಲ ಹೇಳುತ್ತಾರೆ. ಸಹಿ ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಅದೊಂದೇ ವಾಕ್ಯ.

ಪಟ್ಟಿ ಹೋದ ಮೂರನೇ ದಿನ ಅವರು ಕೇಳಿದರು. "ಮುನಿಲಕ್ಷ್ಮಿ ಹೆಸ್ರು ಹೋಯ್ತಾ ಮೇಡಂ?"

"ಅಂಕ ಸಾಲ್ದೆ ಇರೋರ್ನ ಕಳ್ಸೋಕಾಗಲ್ಲ. ಮುಂದಿನ ವರ್ಷ ನೋಡಣ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ಕಣ್ಣಿಗೆ ಏನು ಕಂಡಿತೆಂದು ನನಗೆ ಗೊತ್ತು. "ಆಯ್ತು" ಎಂದು ಎದ್ದು ಹೋದರು.

ಮುಂದಿನ ವರ್ಷ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಮುನಿಲಕ್ಷ್ಮಿಯ ಅಪ್ಪನಿಗೆ ಗೌರಿಬಿದನೂರಿನ ಕಡೆ ಕೆಲಸ ಸಿಕ್ಕಿತು. ಅವನು ಬಂದು ವರ್ಗಾವಣೆ ಪತ್ರ ಕೇಳಿದ. ಪ್ರಭಾರದಲ್ಲಿದ್ದವಳು ಇನ್ನೂ ನಾನೇ, ಕೊಟ್ಟೆ. ಹುಡುಗಿ ವಸತಿ ಶಾಲೆಗೆ ಸೇರಿದ್ದರೆ ಅವಳು ಹೋಗಬೇಕಾಗಿರಲಿಲ್ಲ. ಜೂನ್‌ನಲ್ಲಿ ಶಾಲೆಗೆ ಬಂದು ಸುದ್ದಿ ಕೇಳಿದ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರು ಕೂಗಾಡಿದ್ದರೆ ನನಗೂ ಉತ್ತರ ಕೊಡಲು ಆಗುತ್ತಿತ್ತು.

ಅಲ್ಲಿಂದ ಅವರ ಭಾನುವಾರಗಳು ಗೌರಿಬಿದನೂರಿಗೆ ಹೋದವು. ಬಸ್ಸು ಹತ್ತಿ ಹೋಗುವುದು, ಸಿಕ್ಕವರನ್ನು ಕೇಳುವುದು. ಅಲೀಪುರದಲ್ಲಿ ಅವರ ದೂರದ ನೆಂಟರಿದ್ದರು. ಅಲ್ಲಿ ತಂಗಿ ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗಿದರು. ಎರಡು ತಿಂಗಳಾದ ಮೇಲೆ ಒಂದು ಶಾಲೆಯಲ್ಲಿ ಹೆಸರು ಸಿಕ್ಕಿತು. ರಜೆ ಹಾಕಿ ಹೋಗಿ ಅಲ್ಲಿನ ಹೆಡ್ಮಾಸ್ಟರನ್ನು ಕಂಡು, ಈ ಹುಡುಗಿ ಇಂಥವಳು, ಸ್ವಲ್ಪ ಗಮನವಿಡಿ ಸಾರ್ ಎಂದು ಕೇಳಿಕೊಂಡರು.

"ನಮ್ ಸ್ಕೂಲ್ ಮಕ್ಳು ನಮಗ್ ಗೊತ್ತಮ್ಮ. ನಿಮ್ ಸ್ಕೂಲ್ ನೀವ್ ನೋಡ್ಕೊಳ್ಳಿ" ಎಂದು ಅವನು ಕಳಿಸಿಬಿಟ್ಟನಂತೆ. ಹುಡುಗಿಯನ್ನು ಕರೆಸಿ ಮುಖ ತೋರಿಸಲೂ ಇಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಹೋದಾಗ ಆ ಕುಟುಂಬ ಅಲ್ಲಿರಲಿಲ್ಲ. ಆಂಧ್ರದ ಕಡೆ ಹೋದರೆಂದು ಯಾರೋ ಹೇಳಿದರು. ಯಾವ ಊರು ಎಂದು ಯಾರಿಗೂ ತಿಳಿದಿರಲಿಲ್ಲ.

ಆ ಸೋಮವಾರ ಅವರು ಜಗಲಿಗೆ ಹೋಗದೆ ನನ್ನ ಎದುರಿಗೆ ಕೂತು ಊಟ ಮಾಡಿದರು. "ಮಗೂನ ಹುಡುಕೋದು ಯಾವ್ ಮೇಷ್ಟ್ರಾದ್ರೂ ಹುಡುಕ್ತಾರೆ ಮೇಡಂ. ಕಳ್ಕೊಳ್ಳೋದು ಹೆಡ್ಮಾಸ್ಟ್ರ ರೂಮಲ್ಲಿ" ಎಂದರು. ಗೌರಿಬಿದನೂರಿನವನನ್ನು ಕುರಿತು ಹೇಳಿದರೋ, ನನ್ನನ್ನು ಕುರಿತು ಹೇಳಿದರೋ ನಾನು ಕೇಳಲಿಲ್ಲ.

ಮುಂದೆ ಅವರಿಗೆ ಬಡ್ತಿಯ ಪತ್ರ ಬಂದಾಗ ಬೇಡ ಎಂದು ಬರೆದುಕೊಟ್ಟರು. ಹೊಸದಾಗಿ ಹೆಡ್ಮಾಸ್ಟರಾಗುವವರಿಗೆ ಜಿಲ್ಲೆಯಲ್ಲಿ ತರಬೇತಿ ಕೊಡಲು ಜನ ಬೇಕೆಂದು ಕರೆದಾಗ ತಾವಾಗಿ ಹೋಗಿ ಸೇರಿದರು. ತರಗತಿ ಬಿಟ್ಟು ಹೋಗುವ ದಿನ ಮಕ್ಕಳೆಲ್ಲ ಅತ್ತರು. ನನಗೆ ಹಗುರವಾಯಿತು.

ಎರಡು ವರ್ಷದ ಮೇಲೆ ನನಗೆ ಬಡ್ತಿ ಬಂತು. ಚಿಂತಾಮಣಿ ತಾಲ್ಲೂಕಿನ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಕುರ್ಚಿಯಲ್ಲಿ ಕೂರುವ ಮೊದಲು ಹತ್ತು ದಿನ ತರಬೇತಿ, ಚಿಕ್ಕಬಳ್ಳಾಪುರದಲ್ಲಿ. ಹೋಗಿ ಮೂರನೇ ಸಾಲಿನಲ್ಲಿ ಕೂತೆ. ಬುರ್ಖಾ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿ ಅವರು ತಿರುಗಿದರು. ನನ್ನನ್ನು ನೋಡಿ ತಲೆಯಾಡಿಸಿ ನಕ್ಕರು. ಸೆಕೆಂಡ್ ಕ್ಲಾಸಿನ ಬಿಎಸ್ಸಿಯ ಮುಂದೆ ಚಿನ್ನದ ಪದಕದವಳು ಪೆನ್ನು ಹಿಡಿದು ಕೂತಿದ್ದಳು.

ಬಿಲ್ಲು, ಕಡತ, ನಿಯಮ ಹೇಳಿಕೊಡಲು ಬೇರೆಯವರಿದ್ದರು. ಅವರು ಬಂದರೆ ಕೇಳುತ್ತಿದ್ದದ್ದೇ ಬೇರೆ. ಮೊದಲ ದಿನ, "ನಿಮ್ ಸ್ಕೂಲಲ್ಲಿ ನಿಮಗಿಷ್ಟ ಇಲ್ದಿರೋ ಒಂದು ಮಗೂ ಹೆಸ್ರು ಬರೀರಿ. ಯಾರಿಗೂ ತೋರಿಸ್ಬೇಡಿ" ಎಂದರು. ನಲವತ್ತು ಜನರೂ ತಕ್ಷಣ ಬರೆದೆವು. "ಈಗ ಆ ಮಗು ಯಾವ್ದ್ರಲ್ಲಿ ಜೋರು ಅಂತ ಬರೀರಿ." ಪೆನ್ನುಗಳೆಲ್ಲ ನಿಂತವು. ಅವರು ಅವಸರ ಮಾಡದೆ ಕಿಟಕಿಯ ಹತ್ತಿರ ಹೋಗಿ ನಿಂತರು. ನಾನು ಹೆಸರಿನ ಕೆಳಗೆ ಏನೂ ಬರೆಯದೆ ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅಲ್ಲಿದ್ದ ಹೆಚ್ಚಿನವರೂ ಹಾಗೆಯೇ ಮಾಡಿದರು.

ನಾಲ್ಕನೇ ದಿನ ಅವರು ಬೋರ್ಡಿನ ಮೇಲೆ ಇಳಿಜಾರು ಅಕ್ಷರದಲ್ಲಿ ಬರೆದರು: ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?

ಎಲ್ಲರೂ ನೂರು ಎಂದರು. ನಾನು ಬಾಯಿಬಿಡಲಿಲ್ಲ. ಅವರು ಮುನಿಲಕ್ಷ್ಮಿಯ ಕಥೆಯನ್ನು ಮೊದಲಿನಿಂದ ಹೇಳಿದರು: ಬೇಳೆ, ಬೆಟ್ಟ, ಸೊನ್ನೆ, ಕೆಂಪು ಶಾಯಿಯ ಪದ, ಕಳಿಸದ ಹೆಸರು.

"ಆಮೇಲೆ ಏನಾದ್ಲು ಮೇಡಂ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

"ಗೊತ್ತಿಲ್ಲ ಸಾರ್. ಅದಕ್ಕೇ ಹೇಳ್ತಾ ಇರೋದು."

ಇನ್ನೊಬ್ಬರಿಗೆ ಕೋಪ ಬಂದಿತ್ತು. "ಸೊನ್ನೆ ಹಾಕಿ, ಹೆಸ್ರೂ ಕಳಿಸ್ದೆ ಇದ್ದೋರು ಯಾರು?"

ನಾನು ಮೇಜಿನ ಅಂಚು ಹಿಡಿದುಕೊಂಡೆ.

"ನಾನೇ" ಎಂದರು ಅವರು.

ಮಧ್ಯಾಹ್ನ ಊಟದ ಹೊತ್ತಿಗೆ ಅವರನ್ನು ಪಕ್ಕಕ್ಕೆ ಕರೆದೆ. ಕೃತಜ್ಞತೆಯಿಂದಲ್ಲ, ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ತರಗತಿಯ ಮಗುವನ್ನು ತೆಗೆದುಕೊಂಡರು, ಹೋಗಲಿ. ಈಗ ನನ್ನ ತಪ್ಪನ್ನೂ ತೆಗೆದುಕೊಂಡರು.

"ಯಾಕ್ರೀ ಹಂಗೆ ಸುಳ್ಳು ಹೇಳಿದ್ರಿ? ನನ್ ಮೇಲೆ ಕನಿಕರಾನಾ?"

"ನೀವ್ ಇಲ್ದಿದ್ದಾಗ್ಲೂ ಹಂಗೇ ಹೇಳ್ತೀನಿ ಮೇಡಂ. ಎರಡು ವರ್ಷದಿಂದ ಎಲ್ಲಾ ಬ್ಯಾಚಿಗೂ ಹಂಗೇ ಹೇಳಿರೋದು" ಎಂದರು. ತಟ್ಟೆಯಲ್ಲಿದ್ದ ಅನ್ನ ಕಲಸುತ್ತಲೇ ಮುಂದುವರಿಸಿದರು. "ಸುಳ್ಳೂ ಅಲ್ಲ. ಪಟ್ಟಿ ಹೋದ್ಮೇಲೂ ನಾನು ಆಫೀಸಿಗ್ ಹೋಗಿ ಹೇಳ್ಬೋದಿತ್ತು. ಇನ್ನೂ ಹತ್ತು ದಿನ ಟೈಮಿತ್ತು. ನಿಮ್ ಜತೆ ಮನಸ್ತಾಪ ಆಗುತ್ತೆ, ದಿನಾ ಎದುರುಬದುರು ಕೂರ್ಬೇಕು ಅಂತ ಸುಮ್ನಿದ್ದೆ. ಮಗೂಗಿಂತ ನಿಮ್ ಉಪ್ಪಿನಕಾಯಿ ಹೆಚ್ಚಾಯ್ತು ನಂಗೆ."

ನನಗೆ ಹೊಟ್ಟೆಕಿಚ್ಚು ಇದ್ದ ಅಷ್ಟೂ ವರ್ಷ ಅವರಿಗೆ ನನ್ನ ಮೇಲೆ ಸ್ನೇಹವಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಹೆಡ್ಮಿಸ್ಟ್ರೆಸ್ ಆದ ಮೇಲೆ ನಾನೂ ಅವರಂತಾಗಲು ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ. ಡಬ್ಬಿ ಹಿಡಿದು ಮಕ್ಕಳ ನಡುವೆ ಓಡಾಡಲು ಹೋದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಸಾರು ಚೆಲ್ಲುತ್ತಿತ್ತು. ನಾಲ್ಕು ದಿನಕ್ಕೆ ಬಿಟ್ಟೆ. ಆರು ವರ್ಷ ಕಟ್ಟಡ, ಮೊಟ್ಟೆ, ಸಮವಸ್ತ್ರ ಎಂದು ಕಳೆದುಹೋದವು. ಆಮೇಲೆ, ಹೋದ ವರ್ಷ, ಧ್ವಜಸ್ತಂಭದ ಹತ್ತಿರ ಯಾರೋ ಬೆಣಚುಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದು ಕಂಡಿತು. ಎತ್ತಿ ಬಿಸಾಡಿ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ. ಪ್ರಾರ್ಥನೆ ಮುಗಿದ ಮೇಲೆ ಯಾರು ಇಟ್ಟಿದ್ದು ಎಂದು ಕೇಳಿದೆ. ಎಂಟನೇ ತರಗತಿಯ ಸಿಂಚನ ಕೈಯೆತ್ತಿದಳು.

"ಯಾಕಮ್ಮ?"

"ಪ್ರತಿ ಸೋಮವಾರ ಪ್ರೇಯರ್ ಬೆಲ್ ಹೊಡ್ದಾಗ ಕಂಬದ ನೆರಳಿನ ತುದಿ ಎಲ್ಲಿರುತ್ತೋ ಅಲ್ಲಿ ಒಂದು ಕಲ್ಲಿಡ್ತೀನಿ ಮಿಸ್. ಅದೇ ಟೈಮು, ಆದ್ರೆ ನೆರಳು ಅದೇ ಜಾಗಕ್ಕೆ ಬರಲ್ಲ. ಸೂರ್ಯ ಜರುಗ್ತಾ ಇದಾನೆ."

ಯಾರೂ ಹೇಳಿಕೊಟ್ಟಿರಲಿಲ್ಲ. ವಿಜ್ಞಾನದಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಒಂಬತ್ತು. ನಾನು ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ. ಮೂವತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ ನನಗೇ, ನನಗೊಬ್ಬಳಿಗೇ, ಒಂದು ಮಗು ಸಿಕ್ಕಿತ್ತು.

ಅದಾದ ಹದಿನೈದು ದಿನಕ್ಕೆ ಅವರು ನಮ್ಮ ಶಾಲೆಗೆ ಭೇಟಿ ಕೊಡುತ್ತಾರೆಂದು ಪತ್ರ ಬಂತು. ತರಬೇತಿ ಪಡೆದ ಹೆಡ್ಮಾಸ್ಟರುಗಳ ಶಾಲೆಗಳನ್ನು ನೋಡಿ ಬರುವುದು ಅವರ ಕೆಲಸದಲ್ಲಿ ಸೇರಿತ್ತು. ಪತ್ರ ಓದಿದ ಕೂಡಲೇ ನನಗೆ ಬಂದ ಯೋಚನೆ ಒಂದೇ. ಅವರು ಬಂದರೆ ಸಿಂಚನಳನ್ನು ಕಂಡುಹಿಡಿದುಬಿಡುತ್ತಾರೆ.

ಅವರು ಬರುವ ದಿನ ಸಿಂಚನಳ ಕೈಯಲ್ಲಿ ಒಂದಷ್ಟು ಕಾಗದ ಕೊಟ್ಟು, ಜೊತೆಗೊಬ್ಬ ಗೆಳತಿಯನ್ನು ಮಾಡಿ, ಪಕ್ಕದ ಪ್ರಾಥಮಿಕ ಶಾಲೆಗೆ ಕಳಿಸಿ, ಸಂಜೆಯವರೆಗೆ ಅಲ್ಲೇ ಚಿಕ್ಕ ಮಕ್ಕಳಿಗೆ ಓದಿಸುತ್ತಿರಿ ಎಂದೆ. ಕಲ್ಲುಗಳ ಮೇಲೆ ಹೂವಿನ ಕುಂಡಗಳನ್ನು ಇಡಿಸಿದೆ. ಐವತ್ತೇಳು ವರ್ಷದ ಹೆಂಗಸು ನಾನು. ಅವರು ಬಂದರು, ಎಲ್ಲ ತರಗತಿಗೂ ಹೋದರು, ಜಗಲಿಯಲ್ಲಿ ಓಡಾಡುತ್ತಾ ಊಟ ಮಾಡಿದರು, ಒಳ್ಳೆಯ ವರದಿ ಬರೆದರು. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಕಲ್ಲುಬೆಂಚಿನ ಮೇಲೆ ಕೂತೆವು.

"ಎಂಟನೇ ಕ್ಲಾಸಲ್ಲಿ ಮುಂದಿನ ಬೆಂಚಲ್ಲಿ ಎರಡು ಜಾಗ ಖಾಲಿ ಇತ್ತು. ಹಾಜ್ರಿಲಿ ಎಲ್ಲಾರೂ ಇದಾರೆ" ಎಂದರು ಅವರು, ರಸ್ತೆಯ ಕಡೆ ನೋಡುತ್ತಾ. "ಯಾರ್ನ ಬಚ್ಚಿಟ್ಟಿದೀರಾ ಮೇಡಂ?"

ಇಲ್ಲ ಎನ್ನಲು ಆಗಲಿಲ್ಲ. ಹೇಳಲು ಶುರುಮಾಡಿದೆ. ಕಲ್ಲು, ನೆರಳು, ಒಂಬತ್ತು ಅಂಕ, ಬೆಲ್ ತಡವಾದ ದಿನ ಅವಳು ಬೇರೆ ಬಣ್ಣದ ಕಲ್ಲಿಟ್ಟದ್ದು, ಎಲ್ಲ. ಚಿಂತಾಮಣಿಯ ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ನಂಗೆ ಕ್ಲಾಸಿಲ್ದೆ ಎಂಟು ವರ್ಷ ಆಯ್ತು" ಎಂದರು. "ಹೆಡ್ಮಾಸ್ಟ್ರುಗಳ ಮುಖ ನೋಡ್ಕೊಂಡು ಕೂತಿರ್ತೀನಿ. ನಿಜ ಹೇಳ್ಲಾ ಮೇಡಂ? ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರೀತಾ ಇದೆ ನಂಗೆ."

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಇಪ್ಪತ್ತು ವರ್ಷ ಕಾದ ಮಾತು. ಮೂರನೇ ಬಸ್ಸು ಬಂದು ಅವರು ಹತ್ತಿ ಹೋಗುವವರೆಗೂ ಆ ಸಂತೋಷ ಇತ್ತು. ಶಾಲೆಗೆ ವಾಪಸು ನಡೆಯುವಾಗ ಇಳಿಯತೊಡಗಿತು. ಅವರ ಕೈಯಲ್ಲಿ ಮಗುವಿಲ್ಲ. ನಿವೃತ್ತಿಗೆ ಒಂದೇ ವರ್ಷ. ಇನ್ನು ಸಿಗುವುದೂ ಇಲ್ಲ. ನನ್ನ ಕೈಯಲ್ಲಿದ್ದ ಮಗುವಿಗೆ ನಾನೊಬ್ಬಳೇ ಸಾಲುವುದಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಪ್ರಾಥಮಿಕ ಶಾಲೆಯಿಂದ ಸಿಂಚನ ಬಂದಳು. "ಭಾನುವಾರ ಶಿಡ್ಲಘಟ್ಟಕ್ಕೆ ಹೋಗಣ ಕಣಮ್ಮ. ನಿನ್ನ ಒಬ್ರಿಗೆ ತೋರಿಸ್ಬೇಕು" ಎಂದೆ.

ಈಗ ಅವಳು ಒಂಬತ್ತನೇ ತರಗತಿ. ಪ್ರತಿ ಭಾನುವಾರ ಅವಳಪ್ಪ ಅವಳನ್ನು ಶಿಡ್ಲಘಟ್ಟದ ಅವರ ಮನೆಗೆ ಬಿಟ್ಟು ಬರುತ್ತಾನೆ. ಬೆಳಗ್ಗೆ ಹೋದವಳು ಸಂಜೆಯಾದರೂ ಏಳುವುದಿಲ್ಲವಂತೆ. ಶಾಲೆಯಲ್ಲಿ ನನ್ನ ರೂಮಿಗೆ ಬಂದು ಕೂರುವುದು ಈಚೆಗೆ ಕಡಿಮೆಯಾಗಿದೆ. ಮೊನ್ನೆ ಒಂಬತ್ತನೇ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುವಾಗ ಸಿಂಚನ ಎದ್ದು ನಿಂತಳು.

"ಮಿಸ್, ಇದನ್ನ ಆ ಮೇಡಂ ಬೇರೆ ಥರ ಹೇಳಿದ್ರು. ಅದು ಸುಲಭ."

ಇಡೀ ತರಗತಿ ನನ್ನನ್ನು ನೋಡಿತು. ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು, ಸ್ವಲ್ಪವೂ ಆರದೆ, ಭಗ್ಗೆಂದಿತು.

"ಬಾ, ಬರ್ದು ತೋರ್ಸು" ಎಂದು ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ಹೋಗಿ ಅವಳ ಬೆಂಚಿನಲ್ಲಿ ಕೂತೆ.